‘ಶೇ 120 ಲಾಭಾಂಶ’ ಎಂಬ ಶೀರ್ಷಿಕೆ ಓದುಗರಿಗೆ ಸಾಲದು

ಮಾನ್ಯ ಸಂಪಾದಕರೇ,

ತೈಲ ಮತ್ತು ಅನಿಲ ಕಂಪನಿಗಳು ಲಾಭಾಂಶ ಪ್ರಕಟಿಸಿದಾಗ ಕನ್ನಡ ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಅದು ಸಾಮಾನ್ಯವಾಗಿ ಮುಖಬೆಲೆಯ (ಷೇರಿನ ಮೇಲೆ ನಮೂದಾದ ಮೂಲ ಬೆಲೆಯ) ಶೇಕಡಾವಾರು ಲೆಕ್ಕದಲ್ಲಿ ಬರುತ್ತದೆ. ಈ ರೂಢಿಯನ್ನು ಬದಲಿಸಬೇಕು ಎಂಬುದು ಈ ಪತ್ರದ ಕೋರಿಕೆ. 2024ರ ನವೆಂಬರ್‌ನಲ್ಲಿ, ತೈಲ ಮತ್ತು ಅನಿಲ ತೆಗೆಯುವ ಸರ್ಕಾರಿ ಕಂಪನಿ ಒಎನ್‌ಜಿಸಿ ಷೇರಿಗೆ ₹6 ಮಧ್ಯಂತರ ಲಾಭಾಂಶ ಕೊಟ್ಟಿತು. ಷೇರಿನ ಮುಖಬೆಲೆ ₹5. ಹಾಗಾಗಿ ಅದು ‘ಶೇ 120 ಲಾಭಾಂಶ’. ಪೇಟೆಯಲ್ಲಿ ಆಗ ಷೇರಿನ ಬೆಲೆ ₹250ರ ಆಸುಪಾಸು. ಆ ಬೆಲೆ ಕೊಟ್ಟು ಷೇರು ಕೊಂಡವರಿಗೆ ಸಿಕ್ಕಿದ್ದು ಹಾಕಿದ ಹಣದ ಶೇ 2.4 ಮಾತ್ರ. ನಿವೃತ್ತಿಯ ಇಡಿಗಂಟನ್ನು ಎಲ್ಲಿ ಇಡುವುದೆಂದು ಯೋಚಿಸುತ್ತಿರುವ ಓದುಗರಿಗೆ ಈ ಎರಡು ಅಂಕಿಗಳ ನಡುವಿನ ಅಂತರ ಗೊತ್ತಾಗಲೇಬೇಕು.

ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಗೆ ಇಂಥ ಸುದ್ದಿಯಲ್ಲಿ ಜಾಗವೇ ಇರುವುದಿಲ್ಲ. ಈ ಹಣ ಎಲ್ಲಿಂದ ಬಂತು? ಬಾವಿ ಕೊರೆದು, ತೈಲ ಶುದ್ಧೀಕರಿಸಿ, ಸಾಲದ ಕಂತು ಕಟ್ಟಿ, ಮುಂದಿನ ವರ್ಷದ ಯಂತ್ರೋಪಕರಣಕ್ಕೆ ಎತ್ತಿಟ್ಟ ಮೇಲೆ ಉಳಿದ ಹಣವೇ? ಅಥವಾ ಸರ್ಕಾರದ ಬಜೆಟ್‌ನಲ್ಲಿ ಮೊದಲೇ ಬರೆದಿಟ್ಟ ಅಂಕಿಯನ್ನು ತುಂಬಲು ತೆಗೆದ ಹಣವೇ? ಸಾರ್ವಜನಿಕ ವಲಯದ ತೈಲ ಕಂಪನಿಗಳಲ್ಲಿ ಈ ಎರಡೂ ಬೆರೆತಿವೆ. ಅದನ್ನು ಬಿಡಿಸಿ ನೋಡಲು ಬರದಿದ್ದರೆ ಸಣ್ಣ ಹೂಡಿಕೆದಾರರು ವರ್ಷಕ್ಕೊಂದು ಸಲ ಮೋಸಹೋಗುತ್ತಾರೆ.

ಕಂಪನಿಯ ಖಜಾನೆಯಿಂದ ಷೇರುದಾರರಿಗೆ ಹಣ ಬರುವ ದಾರಿ ಎರಡು. ಲಾಭಾಂಶ ಎಲ್ಲರಿಗೂ ಷೇರಿಗಿಷ್ಟು ಎಂದು ಬರುತ್ತದೆ, ಷೇರು ಕೈಯಲ್ಲೇ ಉಳಿಯುತ್ತದೆ. ಬೈಬ್ಯಾಕ್‌ನಲ್ಲಿ ಕಂಪನಿ ತನ್ನದೇ ಷೇರನ್ನು ಕೊಂಡು ರದ್ದುಮಾಡುತ್ತದೆ. ಷೇರುಗಳ ಸಂಖ್ಯೆ ಕಡಿಮೆಯಾದ್ದರಿಂದ ಉಳಿದ ಒಂದೊಂದು ಷೇರಿನ ಪಾಲಿನ ಲಾಭ ಹೆಚ್ಚುತ್ತದೆ. ಬೈಬ್ಯಾಕ್ ಷೇರುದಾರರಿಗೆ ನಿಜಕ್ಕೂ ಒಳ್ಳೆಯದಾಗುವುದು ಷೇರು ಅದರ ನಿಜ ಮೌಲ್ಯಕ್ಕಿಂತ ಅಗ್ಗವಾಗಿದ್ದಾಗ ಮತ್ತು ಕಂಪನಿಯ ಬಳಿ ಬೇರೆ ಕೆಲಸಕ್ಕೆ ಬೇಡವಾದ ನಗದು ಇದ್ದಾಗ. ಎರಡರಲ್ಲಿ ಒಂದು ತಪ್ಪಿದರೂ ಲೆಕ್ಕ ಕೆಡುತ್ತದೆ.

ಸರ್ಕಾರಿ ಕಂಪನಿಗಳಿಗೆ ಈ ವಿಷಯದಲ್ಲಿ ಸರ್ಕಾರದ ಹೂಡಿಕೆಗಳನ್ನು ನೋಡಿಕೊಳ್ಳುವ, ಕೇಂದ್ರ ಹಣಕಾಸು ಸಚಿವಾಲಯದ ‘ದೀಪಂ’ ಇಲಾಖೆಯ ಮಾರ್ಗಸೂಚಿ ಇದೆ. 2016ರ ಮೇ ತಿಂಗಳ ಮಾರ್ಗಸೂಚಿಯಂತೆ ತೆರಿಗೆ ಕಳೆದ ಲಾಭದ ಶೇ 30 ಅಥವಾ ನಿವ್ವಳ ಮೌಲ್ಯದ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವ ಮೊತ್ತದ) ಶೇ 5, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ವರ್ಷಕ್ಕೆ ಲಾಭಾಂಶವಾಗಿ ಕೊಡಬೇಕಿತ್ತು. ₹2,000 ಕೋಟಿ ನಿವ್ವಳ ಮೌಲ್ಯ ಮತ್ತು ₹1,000 ಕೋಟಿಗೂ ಹೆಚ್ಚು ನಗದು ಇರುವ ಕಂಪನಿ ಬೈಬ್ಯಾಕ್ ಮಾಡಬೇಕೆಂದೂ ಇತ್ತು. 2024ರ ನವೆಂಬರ್‌ನಲ್ಲಿ ಇದನ್ನು ಪರಿಷ್ಕರಿಸಿದರು. ನಿವ್ವಳ ಮೌಲ್ಯದ ಶೇ 5 ಎಂಬುದು ಶೇ 4 ಆಯಿತು. ಬೈಬ್ಯಾಕ್‌ಗೆ ₹3,000 ಕೋಟಿ ನಿವ್ವಳ ಮೌಲ್ಯ, ₹1,500 ಕೋಟಿಗೂ ಮೀರಿದ ನಗದು, ಜೊತೆಗೆ ಪೇಟೆ ಬೆಲೆ ಆರು ತಿಂಗಳಿಂದ ಸತತವಾಗಿ ಪುಸ್ತಕ ಮೌಲ್ಯಕ್ಕಿಂತ (ಒಂದು ಷೇರಿನ ಪಾಲಿಗೆ ಬರುವ ನಿವ್ವಳ ಮೌಲ್ಯಕ್ಕಿಂತ) ಕೆಳಗಿರಬೇಕು ಎಂಬ ಷರತ್ತು ಬಂತು. ಈ ಕೊನೆಯ ಷರತ್ತು ಒಳ್ಳೆಯದು, ಅಗ್ಗವಿದ್ದಾಗ ಮಾತ್ರ ಕೊಳ್ಳಿ ಎಂಬ ವ್ಯಾಪಾರದ ಬುದ್ಧಿ ಅದರಲ್ಲಿದೆ.

ನಿವ್ವಳ ಮೌಲ್ಯದ ನಿಯಮ ಮಾತ್ರ ತೈಲ ಕಂಪನಿಗಳಿಗೆ ಹೊಂದುವುದಿಲ್ಲ. ಲಾಭ ಎಂಬುದು ಆಯಾ ವರ್ಷದ ಬೆಳೆ. ನಿವ್ವಳ ಮೌಲ್ಯ ಹಿಂದಿನ ವರ್ಷಗಳಿಂದ ಕಟ್ಟಿಕೊಂಡು ಬಂದ ಜಮೀನು. ನಿವ್ವಳ ಮೌಲ್ಯ ₹10,000 ಕೋಟಿ ಇರುವ ಒಂದು ಶುದ್ಧೀಕರಣ ಕಂಪನಿಗೆ ಕೆಟ್ಟ ವರ್ಷದಲ್ಲಿ ₹50 ಕೋಟಿ ಲಾಭ ಬಂತೆನ್ನಿ. ಶೇ 4ರ ಲೆಕ್ಕದಲ್ಲಿ ಅದು ₹400 ಕೋಟಿ ಲಾಭಾಂಶ ಕೊಡಬೇಕಾಗುತ್ತದೆ. ವಿನಾಯಿತಿ ಕೇಳುವ ಅವಕಾಶವೇನೋ ಇದೆ. ಆದರೆ ನಿಯಮವೇ ಹೀಗಿದ್ದಾಗ ಆಡಳಿತ ಮಂಡಳಿ ಪ್ರತಿ ವರ್ಷ ಸಮಜಾಯಿಷಿ ಕೊಡುವ ಸ್ಥಿತಿಯಲ್ಲಿರುತ್ತದೆ.

ಈ ಉದಾಹರಣೆ ಊಹೆಯದಲ್ಲ ಎನ್ನಲು ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಅನ್ನೇ ನೋಡಬಹುದು. 2023–24ರಲ್ಲಿ ಅದರ ಲಾಭ ₹3,596 ಕೋಟಿ. 2024–25ರಲ್ಲಿ ₹51 ಕೋಟಿ. ಅದೇ ಸ್ಥಾವರ, ಅದೇ ಕಾರ್ಮಿಕರು. ಬದಲಾದದ್ದು ಕಚ್ಚಾ ತೈಲದ ಬೆಲೆಗೂ ಪೆಟ್ರೋಲ್, ಡೀಸೆಲ್‌ ಮೊದಲಾದ ಉತ್ಪನ್ನಗಳ ಬೆಲೆಗೂ ನಡುವಿನ ಅಂತರ. ಕುತ್ತೆತ್ತೂರಿನ ಈ ಸ್ಥಾವರದ ಘೋಷಿತ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್. ಒಂದು ಟನ್‌ಗೆ ಸುಮಾರು 7.3 ಬ್ಯಾರೆಲ್ ಎಂದರೆ ಹತ್ತಿರ ಹತ್ತಿರ 11 ಕೋಟಿ ಬ್ಯಾರೆಲ್. ಬ್ಯಾರೆಲ್ ಮೇಲಿನ ಶುದ್ಧೀಕರಣ ಲಾಭ ಒಂದೇ ಒಂದು ಡಾಲರ್ ಕುಸಿದರೆ 11 ಕೋಟಿ ಡಾಲರ್, ಡಾಲರಿಗೆ ₹85ರಂತೆ ₹935 ಕೋಟಿ, ಕೈಬಿಟ್ಟು ಹೋಗುತ್ತದೆ. ಸಿಂಗಪುರದ ಪೇಟೆಯಲ್ಲಿ ಡೀಸೆಲ್ ಬೆಲೆ ಎರಡು ಮೂರು ತಿಂಗಳು ಮಂಕಾದರೆ ಸುರತ್ಕಲ್ ಬಳಿಯ ಕಂಪನಿಯ ವರ್ಷದ ಲಾಭ ಕರಗುವುದು ಹೀಗೆ.

ಎಂಆರ್‌ಪಿಎಲ್ 2023–24ಕ್ಕೆ ಮೊದಲು ₹1 ಮಧ್ಯಂತರ, ಆಮೇಲೆ ₹2 ಅಂತಿಮ, ಒಟ್ಟು ಷೇರಿಗೆ ₹3 ಲಾಭಾಂಶ ಕೊಟ್ಟಿತು. 175.26 ಕೋಟಿ ಷೇರುಗಳಿಗೆ ಅದು ಸುಮಾರು ₹526 ಕೋಟಿ, ಅಂದರೆ ಲಾಭದ ಶೇ 15ಕ್ಕೂ ಕಡಿಮೆ. ಅದಕ್ಕೂ ಹಿಂದಿನ ಎರಡು ವರ್ಷ ಲಾಭ ಬಂದಿದ್ದರೂ ಲಾಭಾಂಶ ಬರಲಿಲ್ಲ. ಆಗ ಬೇಸರಪಟ್ಟ ಷೇರುದಾರರು ಬಹಳ. ಆದರೆ ಸಾಲದ ಹೊರೆ ಹೊತ್ತ ಶುದ್ಧೀಕರಣ ಕಂಪನಿ ಒಳ್ಳೆಯ ವರ್ಷದಲ್ಲಿ ಸಾಲ ಇಳಿಸಿಕೊಳ್ಳುವುದೇ ಸರಿ. ಮುಂದಿನ ವರ್ಷ ಲಾಭ ₹51 ಕೋಟಿಗೆ ಇಳಿದಾಗ ಬಡ್ಡಿಯ ಕಂತು ಎಷ್ಟಿದೆ ಎಂಬುದೇ ಕಂಪನಿಯನ್ನು ಉಳಿಸುವ ಇಲ್ಲವೇ ಮುಳುಗಿಸುವ ಅಂಕಿ. ಎಂಆರ್‌ಪಿಎಲ್‌ನಲ್ಲಿ ಬೈಬ್ಯಾಕ್ ಏಕಿಲ್ಲ ಎಂದು ಕೇಳುವವರಿಗೂ ಒಂದು ಮಾತು. ಅದರ ಶೇ 71.63 ಷೇರು ಒಎನ್‌ಜಿಸಿ ಬಳಿ, ಶೇ 16.96 ಪೆಟ್ರೋಲ್ ಬಂಕ್ ನಡೆಸುವ ಎಚ್‌ಪಿಸಿಎಲ್ ಬಳಿ ಇದೆ. ಸಾರ್ವಜನಿಕರ ಬಳಿ ಇರುವುದು ಶೇ 11.4 ಮಾತ್ರ. ಷೇರು ಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳಲ್ಲಿ ಸಾರ್ವಜನಿಕರ ಪಾಲು ಶೇ 25 ಇರಬೇಕೆಂಬುದು ನಿಯಮ. ಆ ಪಾಲು ಹೆಚ್ಚಾಗಬೇಕಾದ ಕಡೆ ಅದನ್ನೇ ಕೊಂಡು ರದ್ದುಮಾಡಲು ಬರುವುದಿಲ್ಲ.

ಈಗ 2018ಕ್ಕೆ ಬರೋಣ, ಏಕೆಂದರೆ ಬೈಬ್ಯಾಕ್ ತಪ್ಪು ಕಾಲದಲ್ಲಿ ನಡೆದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಪಾಠ ಇಲ್ಲ. ಆ ವರ್ಷದ ಜನವರಿಯಲ್ಲಿ ಒಎನ್‌ಜಿಸಿ ಎಚ್‌ಪಿಸಿಎಲ್‌ನಲ್ಲಿದ್ದ ಸರ್ಕಾರದ ಶೇ 51.11 ಪಾಲನ್ನು ₹36,915 ಕೋಟಿಗೆ ಕೊಂಡಿತು. ಷೇರಿಗೆ ₹473.97. ಕೈಯಲ್ಲಿದ್ದ ನಗದು ಸಾಲದೆ ₹24,876 ಕೋಟಿ ಸಾಲ ಮಾಡಿತು. ಬಹುಕಾಲ ಸಾಲವೇ ಇಲ್ಲದ ಕಂಪನಿಯೆಂದು ಹೆಸರಾಗಿದ್ದ ಒಎನ್‌ಜಿಸಿ ಹೀಗೆ ಸಾಲಗಾರನಾದ ವರ್ಷದ ಡಿಸೆಂಬರ್‌ನಲ್ಲೇ ₹4,022 ಕೋಟಿಯ ಬೈಬ್ಯಾಕ್ ಪ್ರಕಟಿಸಿತು: 25.29 ಕೋಟಿ ಷೇರು, ತಲಾ ₹159. ಅದೇ ತಿಂಗಳು ಇಂಡಿಯನ್ ಆಯಿಲ್ 29.76 ಕೋಟಿ ಷೇರನ್ನು ₹149ರಂತೆ ₹4,435 ಕೋಟಿಗೆ ಕೊಳ್ಳುವುದಾಗಿ ಹೇಳಿತು. ತಿಂಗಳ ಹಿಂದೆ ಆಯಿಲ್ ಇಂಡಿಯಾ 5.04 ಕೋಟಿ ಷೇರಿಗೆ ₹215ರಂತೆ ₹1,085 ಕೋಟಿ ಎತ್ತಿಟ್ಟಿತ್ತು.

ಮೂರೂ ಕಂಪನಿಗೆ ಒಟ್ಟಿಗೇ, ಹಣಕಾಸು ವರ್ಷದ ಕೊನೆಯ ತಿಂಗಳುಗಳಲ್ಲಿ, ಬೈಬ್ಯಾಕ್ ನೆನಪಾದದ್ದು ಏಕೆ? ಆ ವರ್ಷ ಸರ್ಕಾರದ ಷೇರು ವಿಕ್ರಯದ (ತನ್ನ ಕಂಪನಿಗಳ ಷೇರು ಮಾರಿ ಹಣ ತರುವ) ಗುರಿ ₹80,000 ಕೋಟಿ. ಬೈಬ್ಯಾಕ್‌ನಲ್ಲಿ ಸರ್ಕಾರ ಒಪ್ಪಿಸಿದ ಷೇರಿಗೆ ಬರುವ ಹಣ ಷೇರು ವಿಕ್ರಯದ ಖಾತೆಗೆ ಜಮೆಯಾಗುತ್ತದೆ. ಲಾಭಾಂಶದ ಹಣ ತೆರಿಗೆಯೇತರ ಆದಾಯದ ಖಾತೆಗೆ ಹೋಗುತ್ತದೆ. ಖಜಾನೆಗೆ ಎರಡೂ ಹಣವೇ, ಬಜೆಟ್‌ನಲ್ಲಿ ಬರೆಯುವ ಸಾಲು ಬೇರೆ. ಯಾವ ಸಾಲು ಖಾಲಿ ಇದೆಯೋ ಆ ದಾರಿಯಲ್ಲಿ ಹಣ ಹರಿಯುತ್ತದೆ.

ಷೇರುದಾರರಿಗೆ ಆದದ್ದೇನು ನೋಡಿ. ಒಎನ್‌ಜಿಸಿಯ ಸುಮಾರು 1,283 ಕೋಟಿ ಷೇರುಗಳಲ್ಲಿ ರದ್ದಾದದ್ದು ಶೇ 1.97. ಉಳಿದ ಷೇರಿನ ಪಾಲಿನ ಲಾಭ ಏರಿದ್ದು ಬರೀ ಶೇ 2. ಇಷ್ಟಕ್ಕೆ ₹4,022 ಕೋಟಿ ಖರ್ಚು. ಹದಿನೈದು ತಿಂಗಳ ನಂತರ, 2020ರ ಮಾರ್ಚ್‌ನಲ್ಲಿ, ಅದೇ ಷೇರು ₹70ಕ್ಕಿಂತ ಕೆಳಗೆ ಹೋಯಿತು. ಕೊರೊನಾ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ನಿಜ. ಆದರೆ ಕಚ್ಚಾ ತೈಲದ ಬೆಲೆ ಬೀಳಬಲ್ಲದು ಎಂಬುದು ಈ ಉದ್ಯಮದಲ್ಲಿ ಎಲ್ಲರಿಗೂ ಗೊತ್ತಿತ್ತು. 2014 ಮತ್ತು 2016ರ ನಡುವೆ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ತೈಲ 30 ಡಾಲರ್‌ಗಿಂತ ಕೆಳಗಿಳಿದಿತ್ತು. ಸಾಲದ ಮೇಲೆ ಸಾಲ ಇದ್ದಾಗ ₹4,022 ಕೋಟಿಯನ್ನು ಸಾಲಕ್ಕೇ ಕಟ್ಟಬೇಕಿತ್ತು.

ತೈಲ ತೆಗೆಯುವ ಕಂಪನಿಗೆ ಇನ್ನೊಂದು ವಿಶೇಷ ಇದೆ. ಅದರ ಆಸ್ತಿ ದಿನವೂ ಖಾಲಿಯಾಗುತ್ತಿರುತ್ತದೆ. ಬಾಂಬೆ ಹೈ ಪತ್ತೆಯಾದದ್ದು 1974ರಲ್ಲಿ. ಅರ್ಧ ಶತಮಾನ ದುಡಿದ ಕ್ಷೇತ್ರದಲ್ಲಿ ಒತ್ತಡ ಕುಗ್ಗುತ್ತದೆ, ತೈಲದ ಜೊತೆ ನೀರು ಹೆಚ್ಚು ಬರುತ್ತದೆ, ಪೈಪುಗಳೂ ವೇದಿಕೆಗಳೂ ತುಕ್ಕು ಹಿಡಿಯುತ್ತವೆ. ಏನೂ ಮಾಡದೆ ಸುಮ್ಮನಿದ್ದರೆ ಉತ್ಪಾದನೆ ತಾನಾಗಿ ಇಳಿಯುತ್ತದೆ, ಇದ್ದಷ್ಟನ್ನು ಉಳಿಸಿಕೊಳ್ಳಲೂ ಹೊಸ ಬಾವಿ ಕೊರೆಯುತ್ತಲೇ ಇರಬೇಕು. ಕೃಷ್ಣಾ–ಗೋದಾವರಿ ಆಳಸಮುದ್ರದ 98/2 ಬ್ಲಾಕ್‌ನಿಂದ ಮೊದಲ ತೈಲ ಬಂದದ್ದು 2024ರ ಜನವರಿ 7ರಂದು, ವರ್ಷಗಟ್ಟಲೆ ತಡವಾಗಿ. ಒಎನ್‌ಜಿಸಿಯ ವಾರ್ಷಿಕ ಬಂಡವಾಳ ವೆಚ್ಚ ಇತ್ತೀಚಿನ ವರ್ಷಗಳಲ್ಲಿ ₹30,000 ಕೋಟಿ ಮೀರುತ್ತಿದೆ. ಇಂಥ ಕಂಪನಿ 2023–24 ಮತ್ತು 2024–25, ಎರಡೂ ವರ್ಷ ಷೇರಿಗೆ ₹12.25ರಂತೆ ₹15,411 ಕೋಟಿ ಲಾಭಾಂಶ ಕೊಟ್ಟಿದೆ. ಮೊದಲ ವರ್ಷ ಲಾಭ ₹40,526 ಕೋಟಿ, ಎರಡನೆಯ ವರ್ಷ ₹35,610 ಕೋಟಿ. ಲಾಭ ಇಳಿದರೂ ಲಾಭಾಂಶ ಇಳಿಯಲಿಲ್ಲ. ಅನುಪಾತ ಶೇ 38ರಿಂದ ಶೇ 43ಕ್ಕೆ ಏರಿತು. ಇದು ತಪ್ಪೆಂದು ಹೇಳುತ್ತಿಲ್ಲ, ಒಎನ್‌ಜಿಸಿಗೆ ಇಷ್ಟು ಕೊಡುವ ಶಕ್ತಿ ಇದೆ. ಆದರೆ ವಾಣಿಜ್ಯ ಪುಟದಲ್ಲಿ ‘ಶೇ 245 ಲಾಭಾಂಶ’ ಎಂದಷ್ಟೇ ಓದಿದವರಿಗೆ ಎರಡೂ ವರ್ಷ ಒಂದೇ ಥರ ಕಾಣುತ್ತವೆ.

ಪೆಟ್ರೋಲ್ ಬಂಕ್ ನಡೆಸುವ ಕಂಪನಿಗಳ ಕಥೆಯೇ ಬೇರೆ. ಅಲ್ಲಿ ಲಾಭಾಂಶ ನಿರ್ಧಾರವಾಗುವುದು ಬಂಕ್‌ನ ಬೆಲೆ ಫಲಕದಲ್ಲಿ. 2022ರ ಏಪ್ರಿಲ್ ಮೊದಲ ವಾರದಿಂದ ಚಿಲ್ಲರೆ ಬೆಲೆಯ ದಿನನಿತ್ಯದ ಬದಲಾವಣೆ ನಿಂತಿತು. ಆ ಮೇ ತಿಂಗಳಲ್ಲಿ ಅಬಕಾರಿ ಸುಂಕ ಇಳಿಸಿದ್ದು ಮತ್ತು 2024ರ ಮಾರ್ಚ್‌ನಲ್ಲಿ ಲೀಟರಿಗೆ ₹2 ಕಡಿಮೆ ಮಾಡಿದ್ದು ಆಮೇಲಿನ ದೊಡ್ಡ ಬದಲಾವಣೆಗಳು. ಕಚ್ಚಾ ತೈಲ ದುಬಾರಿಯಿದ್ದ 2022–23ರಲ್ಲಿ ಎಚ್‌ಪಿಸಿಎಲ್ ₹8,974 ಕೋಟಿ ನಷ್ಟ ಕಂಡಿತು. ತೈಲ ಅಗ್ಗವಾಗಿ ಬಂಕ್ ಬೆಲೆ ಹಾಗೇ ಉಳಿದ 2023–24ರಲ್ಲಿ ₹14,694 ಕೋಟಿ ಲಾಭ ಗಳಿಸಿತು. ಇಂಡಿಯನ್ ಆಯಿಲ್‌ನ ಲಾಭ ₹8,242 ಕೋಟಿಯಿಂದ ₹39,619 ಕೋಟಿಗೆ ನೆಗೆದು, ಮರುವರ್ಷ ₹12,962 ಕೋಟಿಗೆ ಬಿತ್ತು. ಬೀಳಲು ಅಡುಗೆ ಅನಿಲದ ನಷ್ಟವೂ ಕಾರಣ. ಷೇರಿಗೆ ಕೊಟ್ಟ ಲಾಭಾಂಶ ಕ್ರಮವಾಗಿ ₹3, ₹12, ₹3.

ಸಣ್ಣ ಹೂಡಿಕೆದಾರರು ಎಡವುವುದು ಇಲ್ಲೇ. ಷೇರು ಜಾಲತಾಣಗಳು ತೋರಿಸುವ ‘ಡಿವಿಡೆಂಡ್ ಯೀಲ್ಡ್’, ಅಂದರೆ ಷೇರಿನ ಬೆಲೆಗೆ ಲಾಭಾಂಶ ಶೇಕಡಾ ಎಷ್ಟು ಎಂಬುದು, ಕಳೆದ ಹನ್ನೆರಡು ತಿಂಗಳ ಲೆಕ್ಕ. 2024ರ ಬೇಸಿಗೆಯಲ್ಲಿ ₹170ಕ್ಕೆ ಇಂಡಿಯನ್ ಆಯಿಲ್ ಕೊಂಡವರಿಗೆ ಅದು ಶೇ 7 ಎಂದು ಕಂಡಿತು, ಬ್ಯಾಂಕ್ ಠೇವಣಿಗೆ ಸಮ. ಮರುವರ್ಷ ₹3 ಬಂದಾಗ ಅವರ ಹಣಕ್ಕೆ ಸಿಕ್ಕಿದ್ದು ಶೇ 1.8. ಠೇವಣಿಯ ಬಡ್ಡಿಯನ್ನು ಬ್ಯಾಂಕ್ ಮುಂಗಡವಾಗಿ ಒಪ್ಪಿಕೊಂಡಿರುತ್ತದೆ. ಲಾಭಾಂಶಕ್ಕೆ ಅಂಥ ಒಪ್ಪಂದ ಇಲ್ಲ. ಈ ಕಂಪನಿಗಳಲ್ಲಿ ಕನಿಷ್ಠ ಐದು ವರ್ಷದ ಸರಾಸರಿ ತೆಗೆಯಬೇಕು, ಒಂದು ನಷ್ಟದ ವರ್ಷವಾದರೂ ಅದರಲ್ಲಿ ಸೇರಿರಬೇಕು.

ವಿಶೇಷ ಲಾಭಾಂಶ ಬಂದ ವರ್ಷವನ್ನಂತೂ ಸರಾಸರಿಯಿಂದ ತೆಗೆದುಹಾಕಬೇಕು. ಇನ್ನೊಂದು ಬಂಕ್ ಕಂಪನಿ ಬಿಪಿಸಿಎಲ್ 2021ರ ಮಾರ್ಚ್‌ನಲ್ಲಿ ಅಸ್ಸಾಂನ ನುಮಾಲಿಗಢ ಶುದ್ಧೀಕರಣಾಗಾರದಲ್ಲಿದ್ದ ತನ್ನ ಶೇ 61.65 ಪಾಲನ್ನು ₹9,876 ಕೋಟಿಗೆ ಮಾರಿತು. ಆ ವರ್ಷದ ಅಂತಿಮ ಲಾಭಾಂಶ ಷೇರಿಗೆ ₹58, ಅದರಲ್ಲಿ ₹35 ವಿಶೇಷ. ಅದು ತೋಟದ ಫಸಲಲ್ಲ, ತೋಟದ ಒಂದು ಭಾಗ ಮಾರಿದ ಹಣ. ಬೋನಸ್ ಷೇರಿನ ಗೊಂದಲ ಇನ್ನೊಂದು. ಬಿಪಿಸಿಎಲ್ 2024ರ ಜೂನ್‌ನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು. ಬೋನಸ್‌ಗೆ ಮುಂಚೆ ₹21 ಎಂದು ಪ್ರಕಟವಾಗಿದ್ದ ಅಂತಿಮ ಲಾಭಾಂಶ ಆಮೇಲೆ ₹10.50 ಆಯಿತು. ಷೇರು ಇಮ್ಮಡಿಯಾದ್ದರಿಂದ ಕೈಗೆ ಬಂದ ಮೊತ್ತ ಅಷ್ಟೇ. ಬೋನಸ್‌ನಿಂದ ಕಂಪನಿಯ ಒಂದು ರೂಪಾಯಿಯೂ ಹೊರಗೆ ಹೋಗುವುದಿಲ್ಲ, ಷೇರುದಾರರಿಗೂ ಒಂದು ರೂಪಾಯಿ ಬರುವುದಿಲ್ಲ.

ಇದೆಲ್ಲದರ ನಡುವೆ ಹಣ ಸುತ್ತು ಹೊಡೆಯುವ ರೀತಿ ಗಮನಿಸಬೇಕು. ಅಡುಗೆ ಅನಿಲವನ್ನು ಅಸಲಿಗಿಂತ ಕಡಿಮೆಗೆ ಮಾರಿದ ನಷ್ಟಕ್ಕೆ ಕೇಂದ್ರ ಸರ್ಕಾರ ಮೂರು ಮಾರಾಟ ಕಂಪನಿಗಳಿಗೆ 2022ರ ಅಕ್ಟೋಬರ್‌ನಲ್ಲಿ ₹22,000 ಕೋಟಿ ಮಂಜೂರು ಮಾಡಿತು, 2025ರ ಆಗಸ್ಟ್‌ನಲ್ಲಿ ₹30,000 ಕೋಟಿಗೆ ಒಪ್ಪಿಗೆ ಕೊಟ್ಟಿತು. 2023–24ರ ಬಜೆಟ್‌ನಲ್ಲಿ ಇವೇ ಕಂಪನಿಗಳಿಗೆ ₹30,000 ಕೋಟಿ ಬಂಡವಾಳ ತುಂಬುವುದಾಗಿ ಹೇಳಿತ್ತು. ಅದಕ್ಕಾಗಿ ಇಂಡಿಯನ್ ಆಯಿಲ್ ₹22,000 ಕೋಟಿಯ, ಬಿಪಿಸಿಎಲ್ ₹18,000 ಕೋಟಿಯ ಹಕ್ಕಿನ ಷೇರು ನೀಡಿಕೆಗೆ (ಈಗಿನ ಷೇರುದಾರರಿಗೇ ಹೊಸ ಷೇರು ಮಾರುವುದಕ್ಕೆ) ಮಂಡಳಿಯ ಒಪ್ಪಿಗೆ ಪಡೆದಿದ್ದವು. ಆ ಹಣ ಕೊನೆಗೆ ಬರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಿಪಿಸಿಎಲ್ ಷೇರಿಗೆ ₹21 ಮಧ್ಯಂತರ ಲಾಭಾಂಶ ಹಂಚಿತು. ಬಂಡವಾಳ ಬೇಕೆಂದು ಕೇಳುತ್ತಿರುವ ಕಂಪನಿ ಬಂಡವಾಳವನ್ನು ಹೊರಗೆ ಹಂಚಬಾರದು. ಹಂಚುವ ಶಕ್ತಿ ಇದ್ದರೆ ಕೇಳಬಾರದು.

ಬೈಬ್ಯಾಕ್‌ನ ಕೆಲವು ವ್ಯಾವಹಾರಿಕ ಸಂಗತಿಗಳನ್ನು ಓದುಗರ ಅನುಕೂಲಕ್ಕೆ ಹೇಳಲೇಬೇಕು. 2013ರ ಕಂಪನಿ ಕಾಯ್ದೆಯ 68ನೇ ಸೆಕ್ಷನ್‌ನಂತೆ ಪಾವತಿಯಾದ ಬಂಡವಾಳ ಮತ್ತು ಮುಕ್ತ ಮೀಸಲಿನ (ಲಾಭಾಂಶಕ್ಕೆ ಬಳಸಬಹುದಾದ ಕೂಡಿಟ್ಟ ಲಾಭದ) ಶೇ 25ನ್ನು ಮೀರಿ ಬೈಬ್ಯಾಕ್ ಮಾಡುವಂತಿಲ್ಲ. ಶೇ 10ರವರೆಗೆ ಆಡಳಿತ ಮಂಡಳಿಯ ಒಪ್ಪಿಗೆ ಸಾಕು, ಅದಕ್ಕೂ ಮೇಲೆ ಷೇರುದಾರರ ವಿಶೇಷ ನಿರ್ಣಯ ಬೇಕು. ಬೈಬ್ಯಾಕ್ ಮುಗಿದ ಮೇಲೆ ಸಾಲ ಈ ಬಂಡವಾಳ ಮತ್ತು ಮುಕ್ತ ಮೀಸಲಿನ ಎರಡರಷ್ಟನ್ನು ದಾಟಬಾರದು. ಒಂದು ಕೊಡುಗೆ ಮುಗಿದು ವರ್ಷ ಕಳೆಯದೆ ಇನ್ನೊಂದು ತರುವಂತಿಲ್ಲ.

ಕಂಪನಿ ಬೆಲೆ ನಿಗದಿಮಾಡಿ ಷೇರುದಾರರಿಂದ ಷೇರು ಕೇಳುವ ಟೆಂಡರ್ ಮಾರ್ಗದಲ್ಲಿ ಶೇ 15 ಷೇರು ಸಣ್ಣವರಿಗೆ ಮೀಸಲು. ದಾಖಲೆ ದಿನದ (ಯಾರು ಅರ್ಹರೆಂದು ಕಂಪನಿ ಪಟ್ಟಿ ನೋಡುವ ದಿನದ) ಮುಕ್ತಾಯ ಬೆಲೆಯಲ್ಲಿ ಹಿಡುವಳಿ ₹2 ಲಕ್ಷ ಮೀರದವರು ಸಣ್ಣವರು. ಆ ದಿನ ಷೇರು ಡಿಮ್ಯಾಟ್ ಖಾತೆಯಲ್ಲಿ ಇರಬೇಕು ಎಂಬುದು ಮುಖ್ಯ. ಕೊಂಡ ಷೇರು ಮರು ವಹಿವಾಟು ದಿನ ಖಾತೆಗೆ ಬರುವ ಟಿ+1 ಪದ್ಧತಿಯಲ್ಲಿ ದಾಖಲೆ ದಿನವೇ ಕೊಂಡರೆ ತಡವಾಯಿತು, ಹಿಂದಿನ ವಹಿವಾಟು ದಿನವಾದರೂ ಕೊಂಡಿರಬೇಕು. ಲಾಭಾಂಶಕ್ಕೂ ಇದೇ ಲೆಕ್ಕ. ಕೊಡುಗೆಪತ್ರ ಬಂದ ಮೇಲೆ ತೆರೆದಿರುವ ಐದು ಕೆಲಸದ ದಿನಗಳಲ್ಲಿ ಬ್ರೋಕರ್ ಮೂಲಕ ಷೇರು ಒಪ್ಪಿಸಬೇಕು. ಹಕ್ಕಿಗಿಂತ ಹೆಚ್ಚು ಒಪ್ಪಿಸಬಹುದು, ಬೇರೆಯವರು ಬಿಟ್ಟದ್ದು ಪಾಲಾಗಿ ಬರುತ್ತದೆ. ಸ್ವೀಕಾರವಾಗದ ಷೇರಿನ ಮೇಲಿನ ಲೀನ್ (ಮಾರದಂತೆ ಹಾಕಿದ ತಡೆ) ತೆಗೆಯುತ್ತಾರೆ. ಜನ ಎಡವುವುದು ಎಲ್ಲ ಷೇರೂ ಸ್ವೀಕಾರವಾಗುತ್ತದೆ ಎಂದು ಎಣಿಸಿ. ಬೈಬ್ಯಾಕ್ ಬೆಲೆಯ ಆಸೆಗೆ 500 ಷೇರು ಕೊಂಡು, 60 ಸ್ವೀಕಾರವಾಗಿ, ಉಳಿದ 440 ಷೇರು ಆಮೇಲೆ ಬಿದ್ದ ಪೇಟೆ ಬೆಲೆಯಲ್ಲಿ ಕೈಯಲ್ಲಿ ಉಳಿದರೆ ಒಟ್ಟಾರೆ ನಷ್ಟವೇ.

ಕಂಪನಿ ಷೇರು ಪೇಟೆಯಿಂದಲೇ ಕೊಳ್ಳುವ ತೆರೆದ ಪೇಟೆ ಮಾರ್ಗ 2025ರ ಏಪ್ರಿಲ್ 1ರಿಂದ ನಿಂತಿತು. ಅದು ಏಕೆ ನಿಲ್ಲಬೇಕಿತ್ತು ಎಂಬುದಕ್ಕೆ ಎಚ್‌ಪಿಸಿಎಲ್ ಉದಾಹರಣೆ ಸಾಕು. 2020ರ ನವೆಂಬರ್‌ನಲ್ಲಿ ಅದು ₹2,500 ಕೋಟಿಯವರೆಗೆ, ಗರಿಷ್ಠ ₹250 ಬೆಲೆಗೆ, ಪೇಟೆಯಿಂದಲೇ ಷೇರು ಕೊಳ್ಳಲು ಹೊರಟಿತು. ಆ ಮಾರ್ಗದಲ್ಲಿ ಪ್ರವರ್ತಕರು, ಅಂದರೆ ಕಂಪನಿಯ ಹಿಡಿತವಿರುವ ಷೇರುದಾರರು, ಭಾಗವಹಿಸುವಂತಿರಲಿಲ್ಲ. ಸಾರ್ವಜನಿಕರ ಷೇರಷ್ಟೇ ರದ್ದಾಗಿ, ಒಎನ್‌ಜಿಸಿಯ ಪಾಲು ತಾನೇನೂ ಖರ್ಚು ಮಾಡದೆ ಶೇ 51.11ರಿಂದ ಶೇ 54.90ಕ್ಕೆ ಏರಿತು. ಮಾರಿದ ಸಣ್ಣ ಷೇರುದಾರರಿಗೆ ಕೊಳ್ಳುತ್ತಿರುವುದು ಕಂಪನಿಯೋ ಮತ್ತೊಬ್ಬ ವ್ಯಾಪಾರಿಯೋ ಎಂಬುದೂ ತಿಳಿಯುತ್ತಿರಲಿಲ್ಲ.

ತೆರಿಗೆಯ ನಿಯಮ ಪದೇಪದೇ ಬದಲಾಗಿದೆ. 2020ರ ಏಪ್ರಿಲ್‌ನಿಂದ ಲಾಭಾಂಶ ಷೇರುದಾರರ ಆದಾಯಕ್ಕೆ ಸೇರಿ ಅವರವರ ದರದಲ್ಲಿ ತೆರಿಗೆಗೆ ಒಳಪಡುತ್ತದೆ. 2025ರ ಏಪ್ರಿಲ್‌ನಿಂದ ಒಂದು ಕಂಪನಿಯಿಂದ ವರ್ಷಕ್ಕೆ ₹10,000 ಮೀರಿದರೆ ಶೇ 10 ಮೂಲದಲ್ಲೇ ಕಡಿತ, ಪ್ಯಾನ್ ಜೋಡಿಸದಿದ್ದರೆ ಶೇ 20. ತೆರಿಗೆ ಬಾರದ ಹಿರಿಯರು ಸ್ವಯಂಘೋಷಣೆ ನಮೂನೆಯನ್ನು ದಾಖಲೆ ದಿನದ ಸುಮಾರಿಗೆ, ಕಂಪನಿಯ ಷೇರುದಾರರ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಸಂಸ್ಥೆಗೆ ತಲುಪಿಸದಿದ್ದರೆ, ಕಡಿತವಾದ ಹಣಕ್ಕೆ ರಿಟರ್ನ್ ಸಲ್ಲಿಸಿ ಕಾಯಬೇಕಾಗುತ್ತದೆ.

ಬೈಬ್ಯಾಕ್‌ನ ತೆರಿಗೆಯನ್ನು 2019ರ ಜುಲೈನಿಂದ ಕಂಪನಿಯೇ ಕಟ್ಟುತ್ತಿತ್ತು. 2024ರ ಅಕ್ಟೋಬರ್ 1ರಿಂದ ಬೈಬ್ಯಾಕ್‌ನ ಪೂರ್ತಿ ಮೊತ್ತವನ್ನೇ ಲಾಭಾಂಶವೆಂದು ಪರಿಗಣಿಸಿದರು. ₹120ರಂತೆ ಕೊಂಡ 20 ಷೇರನ್ನು ₹190ರಂತೆ ಒಪ್ಪಿಸಿದರೆ ನಿಜವಾದ ಲಾಭ ₹1,400. ತೆರಿಗೆ ಬಿದ್ದದ್ದು ₹3,800ರ ಮೇಲೆ. ಶೇ 30ರ ದರದವರಿಗೆ ಅದು ₹1,140, ಮೇಲೆ ಸೆಸ್. ಕೊಂಡ ಬೆಲೆ ₹2,400 ಬಂಡವಾಳ ನಷ್ಟವೆಂದು ದಾಖಲಾಗಿ ಎಂಟು ವರ್ಷದೊಳಗೆ ಬೇರೆ ಬಂಡವಾಳ ಲಾಭದ ಎದುರು ಮಾತ್ರ ಕಳೆಯಬಹುದು. ಆ ಅವಧಿಯಲ್ಲಿ ಷೇರು ಒಪ್ಪಿಸಿದವರು ಈ ನಷ್ಟವನ್ನು ರಿಟರ್ನ್‌ನಲ್ಲಿ, ಅದೂ ಗಡುವಿನೊಳಗೆ, ತೋರಿಸಿದ್ದಾರೆಯೇ ಎಂದು ಈಗಲೇ ನೋಡಿಕೊಳ್ಳಬೇಕು. ತೋರಿಸದಿದ್ದರೆ ಮುಂದಕ್ಕೆ ಒಯ್ಯಲು ಬರುವುದಿಲ್ಲ. 2026ರ ಬಜೆಟ್ ಬೈಬ್ಯಾಕ್ ಅನ್ನು ಮತ್ತೆ ಬಂಡವಾಳ ಲಾಭದ ಲೆಕ್ಕಕ್ಕೆ ತಂದು, ಪ್ರವರ್ತಕರಿಗೆ ಹೆಚ್ಚುವರಿ ತೆರಿಗೆ ಹಾಕುವ ಪ್ರಸ್ತಾವ ಮಾಡಿತು.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ 1990ರ ದಶಕದ ಎಂಆರ್‌ಪಿಎಲ್ ಷೇರು ಪತ್ರಗಳು ಕಪಾಟಿನಲ್ಲಿವೆ. ಅವರಿಗಾಗಿ ಒಂದಿಷ್ಟು. ಕಾಗದದ ಷೇರಿನ ಫೋಲಿಯೊಗೆ (ಷೇರುದಾರರ ಖಾತೆಗೆ) ಪ್ಯಾನ್, ಬ್ಯಾಂಕ್ ವಿವರ, ಸಹಿ ಜೋಡಣೆಯಾಗದಿದ್ದರೆ 2024ರ ಏಪ್ರಿಲ್‌ನಿಂದ ಲಾಭಾಂಶ ಬಿಡುಗಡೆಯಾಗುವುದೇ ಇಲ್ಲ. ಐಎಸ್‌ಆರ್–1 ನಮೂನೆ, ಬ್ಯಾಂಕ್ ಮ್ಯಾನೇಜರ್ ಸಹಿ ದೃಢೀಕರಿಸಿದ ಐಎಸ್‌ಆರ್–2, ನಾಮನಿರ್ದೇಶನಕ್ಕೆ ಎಸ್‌ಎಚ್–13, ಹೆಸರು ಬರೆದ ರದ್ದುಮಾಡಿದ ಚೆಕ್ಕು, ಇಷ್ಟನ್ನು ರಿಜಿಸ್ಟ್ರಾರ್‌ಗೆ ಕಳಿಸಬೇಕು. ಷೇರು ಪತ್ರದಲ್ಲಿ ‘ಕೆ. ರಾಮ ಭಟ್’, ಪ್ಯಾನ್‌ನಲ್ಲಿ ‘ರಾಮಭಟ್ಟ ಕೆ.’ ಎಂದಿದ್ದರೆ ಅರ್ಜಿ ವಾಪಸು ಬರುವುದು ಖಚಿತ. ಹೆಸರಿನ ವ್ಯತ್ಯಾಸಕ್ಕೆ ಬೇಕಾದ ದಾಖಲೆಯನ್ನು ಮೊದಲೇ ಲಗತ್ತಿಸಿ. ಏಳು ವರ್ಷ ಸತತ ಲಾಭಾಂಶ ಪಡೆಯದಿದ್ದರೆ ಹಣವೂ ಷೇರೂ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗುತ್ತವೆ. ಅಲ್ಲಿಂದ ಮರಳಿ ಪಡೆಯಬಹುದು. ಮೊದಲು ಕಂಪನಿಯಿಂದ ಹಕ್ಕುಪತ್ರ (ಎಂಟೈಟಲ್‌ಮೆಂಟ್ ಲೆಟರ್) ತರಿಸಿಕೊಂಡು, ಆಮೇಲೆ ಐಇಪಿಎಫ್–5 ಅರ್ಜಿ ಸಲ್ಲಿಸಬೇಕು. ಈ ಕ್ರಮ ತಪ್ಪಿಸಿ ಅರ್ಜಿ ಹಾಕಿದವರೇ ವರ್ಷಗಟ್ಟಲೆ ಅಲೆಯುತ್ತಿರುವುದು.

ಸರ್ಕಾರವೇ ಒಡೆಯನಾದ ತೈಲ ಕಂಪನಿಯಿಂದ ಮಿತಿಮೀರಿ ಹಣ ಎಳೆಯುವುದು ಭಾರತದ್ದಷ್ಟೇ ಸಮಸ್ಯೆಯಲ್ಲ. ಸೌದಿ ಅರಾಮ್ಕೊ 2024ರಲ್ಲಿ ಸುಮಾರು 124 ಶತಕೋಟಿ ಡಾಲರ್ ಲಾಭಾಂಶ ಕೊಟ್ಟಿತು. ಆ ವರ್ಷ ಅದರ ಮುಕ್ತ ನಗದು ಹರಿವು, ಅಂದರೆ ಬಂಡವಾಳ ವೆಚ್ಚವನ್ನೂ ಕಳೆದು ಉಳಿದ ನಗದು, ಸುಮಾರು 85 ಶತಕೋಟಿ. ಅಂತರ ತುಂಬಿದ್ದು ಉಳಿತಾಯ ಮತ್ತು ಸಾಲ. ಮರುವರ್ಷದ ಲಾಭಾಂಶವನ್ನು ಅದು ಸುಮಾರು 85 ಶತಕೋಟಿಗೆ ಇಳಿಸುವುದಾಗಿ ಹೇಳಬೇಕಾಯಿತು. ಖಾಸಗಿಯವರೂ ಹೊರತಲ್ಲ. ಎರಡನೇ ಮಹಾಯುದ್ಧದ ನಂತರ ಲಾಭಾಂಶ ಕಡಿತ ಮಾಡಿರದ ಶೆಲ್ 2020ರ ಏಪ್ರಿಲ್‌ನಲ್ಲಿ ಷೇರಿಗೆ 47 ಸೆಂಟ್ ಇದ್ದದ್ದನ್ನು 16ಕ್ಕೆ ಇಳಿಸಿತು. ಆದರೆ ಅಲ್ಲಿನ ತ್ರೈಮಾಸಿಕ ವರದಿಗಳಲ್ಲಿ ಮುಕ್ತ ನಗದು, ಲಾಭಾಂಶ, ಬೈಬ್ಯಾಕ್, ನಿವ್ವಳ ಸಾಲ ಅಕ್ಕಪಕ್ಕದಲ್ಲೇ ಮುದ್ರಣವಾಗುತ್ತವೆ. ಓದಿದವರಿಗೆ ಮುಂದಾಗುವುದರ ಸುಳಿವು ಸಿಗುತ್ತದೆ.

ನಮ್ಮ ಸಾರ್ವಜನಿಕ ವಲಯದ ತೈಲ ಕಂಪನಿಗಳಿಗೂ ಅದೇ ಬೇಕು. ನಿವ್ವಳ ಮೌಲ್ಯದ ಶೇ 4 ಎಂಬ ಅಳತೆಯನ್ನು ಈ ವಲಯಕ್ಕೆ ಕೈಬಿಟ್ಟು, ಮೂರು ವರ್ಷದ ಸರಾಸರಿ ಮುಕ್ತ ನಗದಿಗೆ ಲಾಭಾಂಶವನ್ನು ಗಂಟುಹಾಕಬೇಕು. ದೊಡ್ಡ ಖರೀದಿಗೆ ಸಾಲ ಮಾಡಿದ ಕಂಪನಿ ಆ ಸಾಲದ ಅರ್ಧ ತೀರುವವರೆಗೆ ಬೈಬ್ಯಾಕ್ ಮಾಡಬಾರದು. ಇದನ್ನು ದೀಪಂ ಮಾಡಬೇಕು, ಸಂಸದರು ಕೇಳಬೇಕು.

ಪತ್ರಿಕೆ ಮಾಡಬಹುದಾದದ್ದು ನಾಳೆಯಿಂದಲೇ ಸಾಧ್ಯ. ಸುದ್ದಿಯನ್ನು ಹೀಗೆ ಬರೆದರೆ ಸಾಕು: ‘ಇಂಡಿಯನ್ ಆಯಿಲ್ 2024–25ಕ್ಕೆ ಷೇರಿಗೆ ₹3 ಲಾಭಾಂಶ ಪ್ರಕಟಿಸಿದೆ. ಹಿಂದಿನ ವರ್ಷ ₹12 ಕೊಟ್ಟಿತ್ತು. ₹140ರ ಬೆಲೆಗೆ ಇದು ಶೇ 2.1. ಒಟ್ಟು ಮೊತ್ತ ಸುಮಾರು ₹4,236 ಕೋಟಿ, ವರ್ಷದ ಲಾಭದ ಮೂರನೇ ಒಂದು ಭಾಗ. ಶೇ 51.5 ಪಾಲಿರುವ ಕೇಂದ್ರ ಸರ್ಕಾರಕ್ಕೆ ಸುಮಾರು ₹2,180 ಕೋಟಿ ಹೋಗಲಿದೆ.’ ಇದರ ಕೆಳಗೆ ಕಂಪನಿಯ ಆ ವರ್ಷದ ಬಂಡವಾಳ ವೆಚ್ಚ ಮತ್ತು ಸಾಲದ ಅಂಕಿಗೆ ಇನ್ನೆರಡು ಸಾಲು.

ಇತಿ ತಮ್ಮ ವಿಶ್ವಾಸಿ,
ಕಂಪನಿ ಲೆಕ್ಕಪತ್ರಗಳನ್ನು ನೋಡುವ ಓದುಗ, ಸುರತ್ಕಲ್